‘ಕೊನೆಗೆ’ ಎಂಬ ಮಾತಿಗೆ ನಮ್ಮ ತಕರಾರು

ಒಳ್ಳೆಯದಕ್ಕೆ ಕೊನೆಗೆ ಜಯ ಇದ್ದೇ ಇದೆ ಎಂಬ ಮಾತನ್ನು ನಾವು ಎಷ್ಟು ಸಾರಿ ಕೇಳಿಲ್ಲ? ಶಾಲೆಯ ಪ್ರಾರ್ಥನೆಯಲ್ಲಿ, ರಾಮಮಂದಿರದ ಹರಿಕಥೆಯಲ್ಲಿ, ಟೆಂಟು ಸಿನಿಮಾದ ಕೊನೇ ರೀಲಿನಲ್ಲಿ, ಹಾಸ್ಟೆಲ್ ಡೇಗೆ ಹಾರ ಹಾಕಿಸಿಕೊಳ್ಳಲು ಬಂದ ಅತಿಥಿಗಳ ಬಾಯಲ್ಲಿ. ಪೊಲೀಸ್ ಸ್ಟೇಷನ್ನಿನಿಂದ ಬರಿಗೈಲಿ ವಾಪಸು ಬಂದ ನಮ್ಮಪ್ಪಂದಿರ ಬಾಯಲ್ಲೂ ಇದೇ: “ಇರ್ಲಿ ಬಿಡ್ಲಾ ಮಗ, ಮೇಲೊಬ್ಬ ನೋಡ್ತಾವ್ನೆ.” ಹೇಳುವವನಿಗೆ ಕಾಸು ಖರ್ಚಿಲ್ಲದ ಮಾತು. ಕೇಳಿ ನಂಬುವವನಿಗೆ ಮಾತ್ರ ಒಂದು ಜೀವಮಾನ ಖರ್ಚು.

ಈ ಮಾತು ನಿಜವೋ ಸುಳ್ಳೋ ಎಂದು ಚರ್ಚಾಸ್ಪರ್ಧೆಯ ಹುಡುಗರಂತೆ ಪರ ವಿರೋಧ ನಿಂತು ಕಪ್ಪು ಗೆಲ್ಲುವ ಉಮೇದು ನಮಗಿಲ್ಲ. ಇದು ಯಾರ ಉಪಯೋಗಕ್ಕೆ ಬಿದ್ದಿದೆ ಎನ್ನುವುದಷ್ಟೇ ನಮ್ಮ ಪ್ರಶ್ನೆ.

ಸರ್ಕಾರದ ಕಾಗದ ಯಾವುದನ್ನೇ ತೆಗೆದು ನೋಡಿ. ಜಾತಿ ಸರ್ಟಿಫಿಕೇಟು, ತಾಲ್ಲೂಕು ಕಚೇರಿಯ ನೋಟೀಸು, ಜಮೀನು ಬಿಟ್ಟೇಳು ಅನ್ನುವ ಆದೇಶ, ಎಲ್ಲದರ ನೆತ್ತಿಯ ಮೇಲೆ ಲಾಂಛನ, ಲಾಂಛನದ ಬುಡದಲ್ಲಿ ಸತ್ಯವೇ ಗೆಲ್ಲುತ್ತದೆ ಎಂಬರ್ಥದ ಸಂಸ್ಕೃತದ ಮಾತು. ಅದನ್ನು ಎತ್ತಿಕೊಂಡದ್ದು ಮುಂಡಕ ಉಪನಿಷತ್ತಿನಿಂದ. ಅದೇ ವೇದ ಶೂದ್ರನ ಕಿವಿಗೆ ಬಿದ್ದರೆ ಆ ಕಿವಿಗೆ ಸೀಸವನ್ನೂ ಅರಗನ್ನೂ ಕಾಯಿಸಿ ಹೊಯ್ಯಬೇಕು ಎಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ಅಂದರೆ ಸತ್ಯ ಗೆಲ್ಲುತ್ತದಂತೆ ಎಂಬ ಸುದ್ದಿಯೇ ಶೂದ್ರರಿಗೆ ಮುಟ್ಟಬಾರದಿತ್ತು. ಶೂದ್ರರಿಗೇ ಹೀಗಾದರೆ ಅವರಿಗಿಂತಲೂ ಆಚೆ, ಊರಿನ ಗಡಿಕಲ್ಲಿನಾಚೆ ಇದ್ದ ನಮ್ಮ ಕಿವಿಯ ಲೆಕ್ಕ ಇಟ್ಟವರಾರು?

ಈ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ಒಳ್ಳೆಯದೇ ಯಾವಾಗಲೂ ಗೆಲ್ಲುವುದಾದರೆ ಇವತ್ತು ಗೆದ್ದು ಜಗಲಿಯ ಮೇಲೆ ಕೂತಿರುವವರು ಯಾರು? ಒಳ್ಳೆಯವರು. ಸೋತು ಕೇರಿಯಲ್ಲಿ ಬಿದ್ದಿರುವವರು ಯಾರು? ಕೆಟ್ಟವರು. ಬೇರೆ ದಾರಿಯೇ ಇಲ್ಲ, ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಈ ಲೆಕ್ಕವನ್ನು ನಾವು ಹುಟ್ಟಿಸಿಕೊಂಡದ್ದಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ: ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರ ಹೊಟ್ಟೆಯಲ್ಲಿ ಹುಟ್ಟುತ್ತಾರಂತೆ, ಕೆಟ್ಟ ನಡತೆಯವರು ನಾಯಿಯಾಗಿ, ಹಂದಿಯಾಗಿ, ಚಂಡಾಲರಾಗಿ. ಅನುಕ್ರಮ ನೋಡಿದಿರಾ? ನಾಯಿ ಮೊದಲು, ಹಂದಿ ಆಮೇಲೆ, ಮೂರನೇ ನಂಬರು ನಮ್ಮದು. ಒಳಿತು ಗೆದ್ದೇ ಗೆಲ್ಲುತ್ತದೆ ಎನ್ನುವುದು ಕೇಳುವುದಕ್ಕೆ ಸಮಾಧಾನದ ಮಾತು. ಅದರ ಒಳಗೆ ಕೂತಿರುವುದು ತೀರ್ಪು. ಆ ತೀರ್ಪು ನಾವು ಹುಟ್ಟುವ ಮೊದಲೇ ಆಗಿಹೋಗಿದೆ. ಇನ್ನು ಮೇಲ್ಮನವಿಗೆ ಮುಂದಿನ ಜನ್ಮದಲ್ಲಿ ಬನ್ನಿ ಅಂತಾರೆ.

ನಾವು ಕನ್ನಡ ಎಂ.ಎ. ಮಾಡಿದವರು, ಬಿ.ಎ. ಓದುತ್ತಿರುವವರು. ನಿಘಂಟು ತೆಗೆದು ಕೂತರೆ ಅಲ್ಲೂ ಇದೇ. ‘ನೀಚ’ ಅಂದರೆ ಕೆಳಗಿರುವವನು, ನೀಚ ಅಂದರೆ ಕೆಟ್ಟವನು. ‘ಉತ್ತಮ’ ಅಂದರೆ ಎಲ್ಲರಿಗಿಂತ ಮೇಲಿನವನು, ಉತ್ತಮ ಅಂದರೆ ಒಳ್ಳೆಯವನು. ‘ಕೀಳು ಬುದ್ಧಿ’, ‘ಹೀನ ಕೆಲಸ’, ‘ಕುಲಗೆಟ್ಟವನು’ ಎನ್ನುವಾಗ ಏಣಿಯ ಮೆಟ್ಟಿಲು ಎಲ್ಲಿ ಮುಗಿಯಿತು, ಗುಣ ಎಲ್ಲಿ ಶುರುವಾಯಿತು, ಹೇಳಿ ನೋಡೋಣ. ಸಿಟ್ಟು ಬಂದರೆ ಬೈಯುವುದಕ್ಕೆ ಚಂಡಾಲ. ಗಲೀಜಾದರೆ ಹೊಲಸು. ಕನ್ನಡ ಮೇಷ್ಟ್ರು ಇದನ್ನು ಪಾಠ ಮಾಡುವಾಗ ನಮ್ಮ ಬೆಂಚಿನ ಕಡೆ ನೋಡುವುದಿಲ್ಲ. ಅವರು ಒಳ್ಳೆಯ ಮನುಷ್ಯರು, ಮುಜುಗರ ಆಗುತ್ತೆ. ಆದರೆ ಮುಜುಗರಕ್ಕೆ ನಿಘಂಟು ತಿದ್ದುವ ಶಕ್ತಿ ಇಲ್ಲ. ಹೀಗಿರುವಾಗ ಒಳಿತು ಕೆಡುಕಿಗಿಂತ ಬಲವಾದದ್ದೇ ಅಂತ ಯಾರಾದರೂ ನಮ್ಮನ್ನು ಕೇಳಿದರೆ, ನಾವು ಮೊದಲು ತಿರುಗಿ ಕೇಳಬೇಕಾದ್ದು: ಯಾರ ಒಳಿತು ಸ್ವಾಮಿ? ಹೆಸರಿಟ್ಟವರು ಯಾರು?

ಮಾರಿಹಬ್ಬದ ಕಥೆ ನಿಮಗೆ ಗೊತ್ತೇ ಇದೆ. ಊರೂರಿಗೆ ಒಂದಿಷ್ಟು ಬದಲಾದರೂ ಮೂಳೆ ಒಂದೇ. ನಮ್ಮ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ವಿದ್ಯೆ ಕಲೀತಾನೆ. ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗ್ತಾನೆ. ಸಂಸಾರ ಚೆನ್ನಾಗೇ ನಡೀತದೆ, ಮಕ್ಕಳೂ ಆಗ್ತವೆ. ಒಂದು ದಿನ ಮಗನನ್ನು ನೋಡೋಕೆ ಅವನ ತಾಯಿ ಬರ್ತಾಳೆ. ಸೊಸೆ ಹೋಳಿಗೆ ಬಡಿಸಿದರೆ ಪಾಪದ ಮುದುಕಿ, ಕೋಣನ ನಾಲಿಗೆ ಸುಟ್ಟ ಹಾಗೇ ರುಚಿಯಾಗೈತೆ ಅಂದುಬಿಡ್ತಾಳೆ. ಗುಟ್ಟು ರಟ್ಟು. ಹೆಂಡತಿ ಮಾರಿಯಾಗಿ ನಿಂತು ಮನೆಗೆ ಬೆಂಕಿ ಇಡ್ತಾಳೆ, ಗಂಡ ಓಡಿಹೋಗಿ ಕೋಣನ ಒಳಗೆ ಸೇರಿಕೊಳ್ತಾನೆ. ಅದಕ್ಕೇ ವರ್ಷ ವರ್ಷ ಕೋಣನ ತಲೆ ಕಡಿದು, ಅದರ ಕಾಲನ್ನೇ ಅದರ ಬಾಯಿಗಿಟ್ಟು, ನೆತ್ತಿಯ ಮೇಲೆ ದೀಪ ಹಚ್ಚುವುದು. ಊರೆಲ್ಲಾ ಕೆಡುಕು ತೊಲಗಿತು ಅಂತ ಕೈ ಮುಗಿಯುತ್ತೆ. ಕೆಡುಕು ಯಾವುದು? ಅಕ್ಷರ ಕಲಿತ, ಪ್ರೀತಿಸಿದ ನಮ್ಮ ಹುಡುಗ. ಆ ಹಬ್ಬಕ್ಕೆ ತಮಟೆ ಬಡಿಯುವವರು ಯಾರು? ನಮ್ಮಪ್ಪ, ನಮ್ಮ ಚಿಕ್ಕಪ್ಪ. ಬಲಿ ನಿಂತ ಊರುಗಳಲ್ಲೂ ಕಥೆ ನಿಂತಿಲ್ಲ. ಮೇಲ್ಜಾತಿ ಹುಡುಗಿಯನ್ನು ಮದುವೆಯಾಗಿ ರೈಲು ಹಳಿಯ ಮೇಲೋ ಕಬ್ಬಿನ ಗದ್ದೆಯಲ್ಲೋ ಹೆಣವಾದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಓದಿದಾಗಲೆಲ್ಲಾ ನಮಗೆ ಆ ದೀಪ ನೆನಪಾಗುತ್ತೆ. ಅಲ್ಲೂ ಕೊಂದವರು ತಾವು ಒಳ್ಳೆಯದನ್ನೇ ಉಳಿಸಿದೆವು ಅಂದುಕೊಂಡೇ ಕೊಂದಿರುತ್ತಾರೆ. ಮರ್ಯಾದೆ ಅನ್ನುತ್ತಾರೆ ಅದಕ್ಕೆ.

ಮರ್ಯಾದಸ್ತರು ಅಂದ ಮೇಲೆ ಕೀಳ್ವೆಣ್ಮಣಿಯನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ತಂಜಾವೂರು ಜಿಲ್ಲೆ, 1968ರ ಡಿಸೆಂಬರ್ 25. ಕೂಲಿ ಭತ್ತ ಒಂದಿಷ್ಟು ಹೆಚ್ಚು ಕೊಡಿ ಎಂದು ಸಂಘ ಕಟ್ಟಿದ್ದಕ್ಕೆ 44 ಜನ ದಲಿತರನ್ನು, ಬಹುಪಾಲು ಹೆಂಗಸರು ಮಕ್ಕಳನ್ನು, ಒಂದೇ ಗುಡಿಸಲಲ್ಲಿ ಸುಟ್ಟರು. ಕೆಳಗಿನ ಕೋರ್ಟು ಜಮೀನ್ದಾರರಿಗೆ ಶಿಕ್ಷೆ ಕೊಟ್ಟಿತು. 1973ರಲ್ಲಿ ಮದ್ರಾಸ್ ಹೈಕೋರ್ಟು ಬಿಟ್ಟಿತು. ಬಿಡುವುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ನೀವು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು: ಇವರೆಲ್ಲ ಅಪಾರ ಭೂಮಿಯುಳ್ಳ ಶ್ರೀಮಂತರು, ಒಬ್ಬರ ಹತ್ತಿರ ಕಾರೂ ಇದೆ, ಇಂಥವರು ಆಳುಗಳನ್ನು ಕಳಿಸದೆ ತಾವೇ ನಡೆದುಹೋಗಿ ಬೆಂಕಿ ಹಚ್ಚಿದರು ಎಂದು ನಂಬುವುದು ಕಷ್ಟ ಎಂಬರ್ಥದ ಮಾತು. ಕಾರು ಇದ್ದವನು ಕೆಟ್ಟವನಾಗಲಾರ! ಉಪನಿಷತ್ತಿನ ಲೆಕ್ಕ ಹೈಕೋರ್ಟಿನ ಕಾಗದಕ್ಕೆ ಬಂದದ್ದು ಹೀಗೆ.

* * *

ಇನ್ನು ‘ಕೊನೆಗೆ’ ಎಂಬ ಮಾತು. ನಮ್ಮ ತಕರಾರು ಹೆಚ್ಚಾಗಿ ಇರುವುದು ಇದರ ಮೇಲೆ.

ಕೊನೆಗೆ ಅಂದರೆ ಯಾವಾಗ? ಯಾರ ಕೊನೆ? ಜೀತಕ್ಕಿದ್ದವನ ಕೊನೆ ನಲವತ್ತಕ್ಕೇ ಬರ್ತದೆ, ಅವನನ್ನು ಇಟ್ಟುಕೊಂಡವನ ಕೊನೆ ಎಂಬತ್ತಾದರೂ ಬರೋದಿಲ್ಲ. ಕಾಯುವುದಕ್ಕೆ ಇಬ್ಬರಿಗೂ ಒಂದೇ ಗಡಿಯಾರ ಇಲ್ಲ.

ಮಹಾಡ್ ಚೌದಾರ್ ಕೆರೆಯ ವಿಷಯ ನಮ್ಮ ಭಾಷಣಗಳಲ್ಲಿ ಎರಡು ವಾಕ್ಯದಲ್ಲಿ ಮುಗಿದುಹೋಗುತ್ತೆ: ಬಾಬಾಸಾಹೇಬರು ನೀರು ಮುಟ್ಟಿದರು, ಚರಿತ್ರೆ ಬದಲಾಯಿತು. ಅದರ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 1923ರಲ್ಲಿ ಎಸ್.ಕೆ. ಬೋಲೆ ಎಂಬುವರು ಮುಂಬಯಿ ಶಾಸನಸಭೆಯಲ್ಲಿ ಠರಾವು ತಂದರು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ. ಪಾಸಾಯಿತು. 1924ರಲ್ಲಿ ಮಹಾಡ್ ಪುರಸಭೆಯೂ ನಮ್ಮ ಕೆರೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತು. ಅಂದರೆ ಕಾನೂನಿನ ಮಟ್ಟಿಗೆ, ಕಾಗದದ ಮಟ್ಟಿಗೆ, ಒಳ್ಳೆಯದು ಆಗಲೇ ಗೆದ್ದಾಗಿತ್ತು. 1924, 25, 26. ಮೂರು ಬೇಸಿಗೆ ಕಳೆದವು. ಒಂದು ಬೊಗಸೆ ನೀರು ಒಬ್ಬ ದಲಿತನ ಗಂಟಲಿಗೆ ಇಳಿಯಲಿಲ್ಲ. ದನ ಕುಡಿಯುತ್ತಿತ್ತು, ನಾಯಿ ಕುಡಿಯುತ್ತಿತ್ತು. ಗೆದ್ದ ಒಳಿತು ಪುರಸಭೆಯ ಬೀರುವಿನಲ್ಲಿ ಮಲಗಿತ್ತು.

1927ರ ಮಾರ್ಚ್ 20ರಂದು ಸಾವಿರಾರು ಕಾಲುಗಳು ನಡೆದುಹೋದವು, ಕೈಗಳು ಬಗ್ಗಿದವು, ನೀರು ಮುಟ್ಟಿತು. ಮುಂದೆ ಆದದ್ದೇನು? ಇನ್ನು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಸುಳ್ಳುಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದವರ ಮೇಲೆ, ಊರಿಗೆ ಹೊರಟಿದ್ದವರ ಮೇಲೆ ದೊಣ್ಣೆ ಬಿದ್ದವು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು 108 ಕೊಡದ ಲೆಕ್ಕದಲ್ಲಿ ಕೆರೆಯನ್ನು ‘ಶುದ್ಧ’ ಮಾಡಿದರು. ಆಗಸ್ಟಿನಲ್ಲಿ ಪುರಸಭೆ ತನ್ನ 1924ರ ಠರಾವನ್ನೇ ವಾಪಸು ತಗೊಂಡಿತು. ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನ. ಪೆಂಡಾಲು ಹಾಕಲು ಜಾಗ ಕೊಟ್ಟವರು ಒಬ್ಬ ಮುಸಲ್ಮಾನರು. ಕೆರೆಗೆ ಹೋಗದಂತೆ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಡಿಸೆಂಬರ್ 25ರ ರಾತ್ರಿ ಅಲ್ಲೇ ಮನುಸ್ಮೃತಿಯನ್ನು ಸುಟ್ಟರು. ಸುಡುವ ಠರಾವು ಮಂಡಿಸಿದವರು ಸಹಸ್ರಬುದ್ಧೆ ಎಂಬ ಬ್ರಾಹ್ಮಣರು. ಒಳ್ಳೆಯವರು ಆ ಕಡೆ ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಇದ್ದಾರೆ. ಆದರೆ ಅವರು ಬಂದು ನಿಲ್ಲುವುದಕ್ಕೆ ಮೊದಲು ಒಂದು ಸಾಲು ಅಂತ ಇರಬೇಕು, ಆ ಸಾಲನ್ನು ನಾವೇ ಕಟ್ಟಿರಬೇಕು.

ಕೇಸು ನಡೆಯಿತು. ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ಕ್ಕೆ. ನೀರು ಮುಟ್ಟಿ ಹತ್ತು ವರ್ಷ ಆಗಲು ಮೂರು ದಿನ ಕಡಿಮೆ. ಆ ತೀರ್ಪು ಹೇಳಿದ್ದೇನು? ಅಸ್ಪೃಶ್ಯತೆ ಕೆಟ್ಟದ್ದು ಎಂದೇ? ಇಲ್ಲ. ನಮ್ಮನ್ನು ಹೊರಗಿಡುವ ರೂಢಿ ಅನಾದಿಕಾಲದಿಂದ ಇತ್ತು ಅನ್ನುವುದನ್ನು ಸವರ್ಣ ಹಿಂದೂಗಳು ಸಾಬೀತು ಮಾಡಲಿಲ್ಲ, ಅಷ್ಟು ಹೇಳಿತು. ಅಂದರೆ ಕೆಡುಕು ಸೋತದ್ದು ಅದು ಕೆಡುಕಾಗಿದ್ದರಿಂದ ಅಲ್ಲ, ಅದರ ವಯಸ್ಸಿಗೆ ದಾಖಲೆ ಸಾಲದೇ ಹೋದದ್ದರಿಂದ. ಸಾಕಷ್ಟು ಹಳೆಯದಾಗಿದ್ದರೆ ಗೆದ್ದುಬಿಡುತ್ತಿತ್ತೋ ಏನೋ! ಇದನ್ನು ‘ಒಳಿತಿನ ಅಂತಿಮ ವಿಜಯ’ ಎಂದು ಕರೆದು ಪಾಯಸ ಮಾಡುವವರು ಮಾಡಲಿ. ನಮಗೆ ಅಲ್ಲಿ ಕಾಣುವುದು ಬಾಬಾಸಾಹೇಬರು ಹತ್ತು ವರ್ಷ ಬಿಡದೆ ಹೊತ್ತ ಕೇಸಿನ ಕಟ್ಟು.

* * *

ಮಹಾಡ್ ದೂರ ಆಯಿತು ಅನ್ನುವವರಿಗೆ ನಮ್ಮದೇ ರಾಜ್ಯದ ಸಂಗತಿ ಹೇಳುತ್ತೇವೆ. ಇದು ನಿಮ್ಮಲ್ಲಿ ಬಹಳ ಜನರ ಮನೆಯ ವಿಷಯ.

ಸರ್ಕಾರ ದಲಿತರಿಗೆ ಜಮೀನು ಮಂಜೂರು ಮಾಡುವಾಗ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಹಾಕಿ ಕೊಡುತ್ತಿತ್ತು. ಷರತ್ತು ಕಾಗದದಲ್ಲಿತ್ತು, ಹೊಟ್ಟೆ ಕಾಗದದಲ್ಲಿ ಇರಲಿಲ್ಲ. ಮಗಳ ಮದುವೆ, ಒಂದು ಕಾಯಿಲೆ, ಸಾರಾಯಿ ಅಂಗಡಿಯ ಬಾಕಿ, ಗೌಡರ ಹತ್ತಿರ ತಂದಿದ್ದ ಎರಡು ಪಲ್ಲ ರಾಗಿ. ಹೆಬ್ಬೆಟ್ಟು ಬಿತ್ತು, ಜಮೀನು ಹೋಯಿತು. ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, ಇದಕ್ಕೇ ಅಂತ ಒಂದು ಕಾಯಿದೆ ಬಂತು. ಪಿ.ಟಿ.ಸಿ.ಎಲ್. ಅಂತ ಊರಲ್ಲಿ ಎಲ್ಲರ ಬಾಯಲ್ಲಿರುವುದು ಅದೇ. ಷರತ್ತು ಮುರಿದು ಕೊಂಡ ಜಮೀನನ್ನು ಉಪವಿಭಾಗಾಧಿಕಾರಿ ಬಿಡಿಸಿ ಮೂಲ ಮಂಜೂರುದಾರನಿಗೆ, ಇಲ್ಲವೇ ಅವನ ವಾರಸುದಾರರಿಗೆ ಕೊಡಬೇಕು. ಕೊಂಡವರು ಸುಪ್ರೀಂ ಕೋರ್ಟಿನ ತನಕ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಕಾಯಿದೆ ಸರಿಯಾಗಿಯೇ ಇದೆ ಎಂದಿತು. ಒಳಿತು ಗೆದ್ದಿತು, ಅಲ್ಲವೇ?

ಆಮೇಲೆ ನೋಡಿ. ಹೆಬ್ಬೆಟ್ಟು ಒತ್ತಿದ ಅಜ್ಜನಿಗೆ ಇಂಥದ್ದೊಂದು ಕಾಯಿದೆ ಬಂದಿದೆ ಅಂತಲೇ ಗೊತ್ತಿಲ್ಲ. ಗೊತ್ತಾದರೂ ಅದೇ ಗೌಡರ ಹೊಲದಲ್ಲಿ ಕೂಲಿ ಮಾಡುತ್ತಾ ಅವರ ಮೇಲೇ ಅರ್ಜಿ ಹಾಕುವುದು ಹೇಗೆ? “ಇರ್ಲಿ, ದೇವರು ಅವ್ನೆ, ಒಂದಲ್ಲ ಒಂದಿನ ಬತ್ತದೆ” ಅಂದ. ಕೊನೆಗೆ ಅಂದ. ಸತ್ತ. ಮಗನೂ ಹಾಗೇ ಅಂದು ಸತ್ತ. ಮೊಮ್ಮಗ ಹಾಸ್ಟೆಲ್ಲಿನಲ್ಲಿ ಓದಿ, ಪಹಣಿ ಅಂದರೇನು ಎಂದು ತಿಳಿದು, ಅರ್ಜಿ ಹಿಡಿದು ಹೋದ. 2017ರಲ್ಲಿ ಸುಪ್ರೀಂ ಕೋರ್ಟು, ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ, ಕಾಯಿದೆ ಬಂದು ಇಷ್ಟು ಕಾಲವಾದ ಮೇಲೆ ಬಂದಿದ್ದೀರಿ, ತಡವಾಯಿತು, ಆಗುವುದಿಲ್ಲ ಎಂದಿತು. ಕಾಯಿದೆಯಲ್ಲಿ ಇಷ್ಟೇ ವರ್ಷದೊಳಗೆ ಬರಬೇಕು ಎಂಬ ಗಡುವೇ ಇರಲಿಲ್ಲ. ಆದರೂ ‘ಸಮಂಜಸವಾದ ಕಾಲ’ ಎಂಬುದೊಂದಿದೆ ಎಂದಿತು. ಆ ತೀರ್ಪನ್ನು ಹಿಡಿದು ಊರೂರಿನ ಕೇಸುಗಳು ಸಾಲುಸಾಲಾಗಿ ಬಿದ್ದುಹೋದವು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಕಾಯಿರಿ, ಒಳ್ಳೆಯದು ಕೊನೆಗೆ ಗೆಲ್ಲುತ್ತದೆ ಎಂದವರೂ ಅವರೇ. ಕಾದು ಕಾದು ಕೊನೆಗೆ ಹೋದರೆ ಯಾಕಿಷ್ಟು ತಡ ಎಂದವರೂ ಅವರೇ. ‘ಕೊನೆಗೆ’ ಎಂಬುದು ನಮ್ಮನ್ನು ಕೂರಿಸಲು ಹಾಕಿದ ಚಾಪೆ. ಎದ್ದು ನೋಡುವಷ್ಟರಲ್ಲಿ ಬಾಗಿಲಿಗೆ ಬೀಗ.

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ತಿದ್ದುಪಡಿ ಬಂತು: ಇಂಥ ಅರ್ಜಿಗೆ ಕಾಲಮಿತಿ ಇಲ್ಲ. ಧರಣಿ ಕೂತವರಲ್ಲಿ ಮುದುಕರಿದ್ದರು, ಮಳೆಯಿತ್ತು, ಟಾರ್ಪಾಲು ಸೋರುತ್ತಿತ್ತು. ಸರಿ, ಈಗಲಾದರೂ ಮುಗಿಯಿತೇ? 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿ ತೆಗೆದದ್ದು ಮೊದಲನೆಯದನ್ನು ಮಾತ್ರ ಎಂದಿತು. ಪದಗಳ ಈ ಜಾಣತನಕ್ಕೆ ಎದುರಾಗಿ ನಮ್ಮ ಕವಿಗೋಷ್ಠಿಯ ಪದಗಳು ಎಷ್ಟು ಬಡವಾಗಿವೆ ಎಂದು ಒಮ್ಮೊಮ್ಮೆ ಅನ್ನಿಸುತ್ತೆ.

* * *

ಹಾಗಾದರೆ ಕೆಡುಕೇ ಬಲಶಾಲಿಯೇ? ಹಾಸ್ಟೆಲ್ಲಿನ ರೂಮುಗಳಲ್ಲಿ ಈ ಮಾತೂ ಈಗ ಜೋರಾಗಿದೆ. ಕಂಬಾಲಪಲ್ಲಿ ನೋಡ್ರಪ್ಪಾ, ಏನಾಯ್ತು? ಸುಮ್ನೆ ಓದ್ಕೊಂಡು ಕೆಲಸ ಹಿಡ್ಕಳಿ. ಹೀಗನ್ನುವ ಗೆಳೆಯರನ್ನು ನಾವು ಬೈಯುವುದಿಲ್ಲ. ಕೆಲಸ ಹಿಡಿಯುವುದೂ ಬೇಕು. ಅವರ ಮಾತಿಗೆ ಉತ್ತರ ಮಾತ್ರ ಕೊಡಬೇಕು.

ಕಂಬಾಲಪಲ್ಲಿ ಚಿಂತಾಮಣಿ ತಾಲ್ಲೂಕಿನ ಹಳ್ಳಿ. ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇತ್ತು, ಕೊಂದವರು ಯಾರೂ ಇರಲಿಲ್ಲ. ಸಾಕ್ಷಿಗಳು ಉಲ್ಟಾ ಹೊಡೆದರು ಎಂದು ಆಗ ಎಲ್ಲರೂ ಬರೆದರು. ಬರೆಯುವುದು ಸುಲಭ. ಇಂಥ ಕೇಸಿನಲ್ಲಿ ಸಾಕ್ಷಿ ಅನ್ನುವವನು ಯಾರು ಎಂದು ಯೋಚಿಸಿ. ಕೂಲಿಗೆ ಹೋಗುವವನು. ಕೋರ್ಟಿಗೆ ಬಂದರೆ ಒಂದು ದಿನದ ಕೂಲಿ ಕಟ್ಟು, ಬಸ್ ಚಾರ್ಜು ಕೈಯಿಂದ, ಮಧ್ಯಾಹ್ನದವರೆಗೆ ಮರದ ಕೆಳಗೆ ಕೂತರೆ ಮುಂದಿನ ತಾರೀಖು. ಹೀಗೆ ಒಂದಲ್ಲ, ಐದಾರು ವರ್ಷ. ಕಟಕಟೆ ಇಳಿದ ಮೇಲೆ ಅವನು ಬಸ್ಸು ಹತ್ತುವುದು ಎಲ್ಲಿಗೆ? ಅದೇ ಊರಿಗೆ. ನೀರು ಅಲ್ಲೇ, ದನ ಮೇಯುವುದು ಅವರ ಬದುವಿನ ಮೇಲೇ, ಮಗಳು ಸ್ಕೂಲಿಗೆ ಹೋಗುವುದು ಅವರ ಬೀದಿಯಲ್ಲೇ. ಅವನಿಗೆ ಸತ್ಯ ಗೊತ್ತಿಲ್ಲವೇ? ನಮಗಿಂತ ಚೆನ್ನಾಗಿ ಗೊತ್ತು. ಆದರೆ ಆ ಸತ್ಯಕ್ಕೆ ಮೂರು ತಿಂಗಳ ಅಕ್ಕಿ ಇರಲಿಲ್ಲ, ರಾತ್ರಿ ಜೊತೆಗೆ ಮಲಗುವ ಹತ್ತು ಜನ ಇರಲಿಲ್ಲ. ಆ ಕಡೆ ಎಲ್ಲವೂ ಇತ್ತು: ಜಮೀನು, ವಕೀಲರು, ಊರಿನ ಮೌನ.

ಕೆಡುಕಿನ ಬಲ ಎಂದು ನಾವು ಹೆದರುವುದು ಇದಕ್ಕೇ. ಬಿಡಿಸಿ ನೋಡಿದರೆ ಇದರಲ್ಲಿ ದೆವ್ವವೂ ಇಲ್ಲ, ಕಲಿಯುಗವೂ ಇಲ್ಲ. ಯಾರ ಕೈಲಿ ನೀರಿದೆ, ಯಾರ ಕೈಲಿ ಕೂಲಿ ಇದೆ, ಸ್ಟೇಷನ್ನಿನ ಬರಹಗಾರ ಯಾರ ಮನೇಲಿ ಊಟ ಮಾಡ್ತಾನೆ, ಇಷ್ಟೇ. ಅದರಲ್ಲೂ ಅರ್ಧ ಬಲ ನಮ್ಮ ರಟ್ಟೆಯದೇ, ನಾವೇ ಉತ್ತು ಬೆಳೆದು ಕೊಟ್ಟದ್ದು. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಮಾಡಿದರಲ್ಲ, ಕೆಸರು ಯಾರ ಕೈಗೆ ಮೊಸರು ಯಾರ ಬಾಯಿಗೆ ಎಂದು ಹೇಳದೆ ಬಿಟ್ಟದ್ದು ಅವರ ಜಾಣತನ.

ಈಗ ಮರಕುಂಬಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಕ್ಷೌರದಂಗಡಿಗೆ, ಹೋಟೆಲಿಗೆ ಬರಬೇಡಿ ಅನ್ನುತ್ತಿದ್ದ ಊರು. ಅದನ್ನು ಕೇಳಿದ್ದಕ್ಕೆ ಇದ್ದ ಹಗೆ 2014ರ ಆಗಸ್ಟಿನಲ್ಲಿ ಕೇರಿಗೆ ನುಗ್ಗಿತು, ಹೊಡೆದರು, ಮನೆಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ವಿಚಾರಣೆ. ಆರೋಪಿಗಳಲ್ಲೇ ಕೆಲವರು ಅಷ್ಟರಲ್ಲಿ ಸತ್ತುಹೋದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ದೇಶದಲ್ಲೇ ಇಂಥದ್ದು ಅಪರೂಪ. ಅವತ್ತು ಮೊಬೈಲಿನ ಸ್ಟೇಟಸ್ಸಿಗೆಲ್ಲಾ ‘ಸತ್ಯಕ್ಕೆ ಜಯ’ ಎಂದು ಹಾಕಿದ್ದೂ ಹಾಕಿದ್ದೇ. ತಿಂಗಳು ತುಂಬುವ ಮೊದಲೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಗೇ ಅಳಿಸಿಹೋಗಿತ್ತು, ಹಾಗಾಗಿ ಯಾರಿಗೂ ನಾಚಿಕೆಯಾಗಲಿಲ್ಲ.

ಕಂಬಾಲಪಲ್ಲಿಯ ಸತ್ಯಕ್ಕಿಂತ ಮರಕುಂಬಿಯ ಸತ್ಯ ಹೆಚ್ಚು ಗಟ್ಟಿಯಾಗಿತ್ತೇ? ಏಳು ಜೀವದ ಸತ್ಯಕ್ಕಿಂತ ಗಟ್ಟಿಯಾದದ್ದು ಯಾವುದಿದೆ? ಸತ್ಯ ಎರಡೂ ಕಡೆ ಇತ್ತು. ಒಂದು ಕಡೆ ಸಾಕ್ಷಿ ನಿಂತಿತು, ಇನ್ನೊಂದು ಕಡೆ ನಿಲ್ಲಲಾಗಲಿಲ್ಲ. ನಮ್ಮ ಪ್ರಶ್ನೆಯ ಉತ್ತರ ಈ ಎರಡು ಊರುಗಳ ನಡುವಿನ ದಾರಿಯಲ್ಲಿದೆ, ಯಾವ ಉಪನಿಷತ್ತಿನಲ್ಲೂ ಇಲ್ಲ. ಒಳಿತಿಗೆ ತನ್ನದೇ ಆದ ತೋಳಿಲ್ಲ. ಕೆಡುಕಿಗೂ ಇಲ್ಲ, ಆದರೆ ಅದು ಬಹಳ ಹಿಂದೆಯೇ ಬೇರೆಯವರ ತೋಳು ತೊಡಿಸಿಕೊಂಡಿದೆ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಹೃದಯ ಪರಿವರ್ತನೆಯಾಗಲಿ ಎಂದು ಕಾದು ಕೂರುವವರ ಸಾಲಿನಲ್ಲಿ ಅವರು ನಿಲ್ಲಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಟ್ಟದ್ದೇ ಆಗುತ್ತದೆ ಎಂಬರ್ಥದಲ್ಲಿ ಹೇಳಿದರು. ತಾನೇ ನಿಂತು ಬರೆಸಿದ ಪುಸ್ತಕದ ಬಗ್ಗೆ, ಅದು ಮುಗಿಯುವ ಹೊತ್ತಿನಲ್ಲಿ! ಒಳಿತು ತಾನಾಗಿ ಗೆಲ್ಲುತ್ತದೆ ಎಂದು ನಂಬಿದವರು ಹೀಗೆ ಮಾತಾಡುವುದಿಲ್ಲ.

ಇನ್ನೊಂದು ಮಾರ್ಚ್ 20 ಇದೆ. ಮಹಾಡ್ ನೀರು ಮುಟ್ಟಿ 91 ವರ್ಷಕ್ಕೆ ಸರಿಯಾಗಿ, 2018ರ ಮಾರ್ಚ್ 20ರಂದು, ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಿತು. ಕೇಸು ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ಆಗಬಹುದು, ಬಂಧಿಸುವ ಮೊದಲು ಮೇಲಿನವರ ಒಪ್ಪಿಗೆ ಬೇಕು ಎಂದಿತು. ನಮ್ಮವರು ‘ಕೊನೆ’ಗೆ ಕಾಯಲಿಲ್ಲ. ಹದಿಮೂರನೇ ದಿನಕ್ಕೆ, ಏಪ್ರಿಲ್ 2ಕ್ಕೆ, ದೇಶ ಬಂದ್ ಆಯಿತು. ಉತ್ತರದ ರಾಜ್ಯಗಳಲ್ಲಿ ಹಲವರು ಪ್ರಾಣ ಕೊಟ್ಟರು. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಗೆ ತಿದ್ದುಪಡಿ ತಂದು ಹಲ್ಲು ವಾಪಸು ಕೂರಿಸಿತು, 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ತನ್ನ ಆ ನಿರ್ದೇಶನಗಳನ್ನು ತಾನೇ ಹಿಂದಕ್ಕೆ ಪಡೆಯಿತು. ಸತ್ತವರು ಮಾತ್ರ ವಾಪಸು ಬರಲಿಲ್ಲ.

ಅದೇ ಕಾಯಿದೆಯಲ್ಲಿ, 1995ರ ನಿಯಮಗಳಲ್ಲಿ, 11ನೇ ನಿಯಮ ಅಂತ ಒಂದಿದೆ. ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು, ದಿನಭತ್ಯೆ ಸರ್ಕಾರವೇ ಕೊಡಬೇಕು. 2016ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳಿಗೇ ಒಂದು ಅಧ್ಯಾಯ ಸೇರಿದೆ, 15ಎ ಕಲಂ. ರಕ್ಷಣೆ ಕೇಳಬಹುದು, ಬೇರೆ ಕಡೆ ನೆಲೆ ಕೇಳಬಹುದು. ನಮ್ಮಲ್ಲಿ ಎಷ್ಟು ಜನ ಇದನ್ನು ಓದಿದ್ದೇವೆ? ಕ್ರಾಂತಿಯ ಕವಿತೆ ಬರೆದಿದ್ದೇವೆ, ಕೆಂಪು ಸೂರ್ಯನನ್ನು ಸಾವಿರ ಸಲ ಹುಟ್ಟಿಸಿದ್ದೇವೆ. ಬರೆಯೋಣ, ಅದೂ ಬೇಕು. ಜೊತೆಗೆ ನಮ್ಮ ತಾಲ್ಲೂಕಿನ ಕೇಸಿಗೆ ತಾರೀಖು ಬಿದ್ದ ದಿನ ಸಾಕ್ಷಿಯ ಪಕ್ಕದಲ್ಲಿ ಕೋರ್ಟಿನ ಮರದ ಕೆಳಗೆ ನಾಲ್ಕು ಜನ ಹುಡುಗರು ಕೂತಿರಬೇಕು. ಅವನ ಭತ್ಯೆಯ ಅರ್ಜಿ ನಾವು ಬರೆದು ಕೊಡಬೇಕು. ಅವತ್ತು ರಾತ್ರಿ ಅವನ ಊರಿಗೆ ಅವನ ಜೊತೆ ಬಸ್ಸು ಹತ್ತಬೇಕು.

ಇನ್ನು ಬರುವ ರಜೆಗೆ ಊರಿಗೆ ಹೋಗುತ್ತೀರಲ್ಲ. ಅಟ್ಟದ ಮೇಲೆ ಅಜ್ಜನ ತಗಡಿನ ಪೆಟ್ಟಿಗೆ ಇರುತ್ತೆ. ಅಜ್ಜಿ ಬೈದರೂ ಕೆಳಗಿಳಿಸಿ. ಸಾಗುವಳಿ ಚೀಟಿ, ಹಳೇ ಕಂದಾಯದ ರಶೀದಿ, ಏನಿದ್ದರೂ ತೆಗೆದು ಸರ್ವೆ ನಂಬರು, ಮಂಜೂರಾದ ಇಸವಿ ಬರೆದುಕೊಳ್ಳಿ. ಆ ನಂಬರಿನ ಪಹಣಿ ತೆಗೆಸಿ ಈಗ ಯಾರ ಹೆಸರಿದೆ ನೋಡಿ. ತಾಲ್ಲೂಕು ಕಚೇರಿಯವರು ಮೂಲ ಮಂಜೂರಾತಿ ಕಡತ ಸಿಗುತ್ತಿಲ್ಲ ಅನ್ನುತ್ತಾರೆ, ಅದು ಅವರ ಮಾಮೂಲಿ ರಾಗ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಡಿ, ಸಿಗದಿದ್ದರೆ ಸಿಗುವುದಿಲ್ಲವೆಂದು ರುಜು ಹಾಕಿ ಕೊಡಲಿ. ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಊರಲ್ಲಿ ಬಿಡಬೇಡಿ. ರಜೆ ಮುಗಿದು ಬರುವಾಗ ಚಕ್ಕಲಿ ಕೋಡುಬಳೆಯ ಜೊತೆ ಅದನ್ನೂ ಹಾಸ್ಟೆಲ್ಲಿಗೆ ತನ್ನಿ, ಒಟ್ಟಿಗೆ ಕೂತು ಓದೋಣ. ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ, ನಾವು ಅರ್ಜಿ ಕೊಟ್ಟ ದಿನ ಯಾವುದು ಎಂದು ಮುಂದೆ ಕೇಳಿಯೇ ಕೇಳುತ್ತಾರೆ.